ಕೀಮೋ ಮುಗಿಸಿ ಮನೆಗೆ ಬಂದ ಮೇಲೆ

ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದಲ್ಲಿ, ಕ್ಯಾನ್ಸರ್ ರೋಗಿಗಳ ಮನೆಯವರು ಮತ್ತು ಆಶಾ ಕಾರ್ಯಕರ್ತೆಯರ ಮುಂದೆ ಆಡಿದ ಮಾತುಗಳ ಬರಹ ರೂಪ ಇದು. ಓದಲು ಅನುಕೂಲವಾಗಲಿ ಎಂದು ಅಲ್ಲಲ್ಲಿ ತಿದ್ದಿದ್ದೇನೆ. ಸಭೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನು ಕೊನೆಯಲ್ಲಿ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ತೋಟದ ಕೆಲಸ, ಮನೆ ಕೆಲಸ ಬಿಟ್ಟು ಬಂದಿದ್ದೀರಿ. ಕೆಲವರು ರೋಗಿಯನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಬಂದಿದ್ದೀರಿ ಅಂತಲೂ ಗೊತ್ತು. ಹಾಗಾಗಿ ನೇರವಾಗಿ ವಿಷಯಕ್ಕೆ ಬರುತ್ತೇನೆ.

ನಾನು ಕ್ಯಾನ್ಸರ್ ವಾರ್ಡಿನಲ್ಲಿ ನರ್ಸ್ ಆಗಿದ್ದವಳು. ಆಮೇಲೆ ರೋಗಿಗಳ ಮನೆಗಳಿಗೇ ಹೋಗಿ ನೋಡುವ ಕೆಲಸಕ್ಕೆ ಬಂದೆ. ವಾರ್ಡಿನಲ್ಲಿ ಕಾಣದ ಒಂದು ಲೆಕ್ಕ ಮನೆಗೆ ಹೋದಾಗ ಕಾಣುತ್ತದೆ. ಕೀಮೋ, ಅಂದರೆ ಕ್ಯಾನ್ಸರಿಗೆ ಕೊಡುವ ಔಷಧಿ ಚಿಕಿತ್ಸೆ, ಬಹಳ ಜನಕ್ಕೆ 21 ದಿನಕ್ಕೊಮ್ಮೆ ಇರುತ್ತದೆ. ಡ್ರಿಪ್ ಹಾಕುವುದಕ್ಕೆ ಒಂದು ದಿನ, ರಕ್ತ ಪರೀಕ್ಷೆ, ಡಾಕ್ಟರ ಭೇಟಿ ಅಂತ ಇನ್ನೊಂದು ದಿನ. ಉಳಿದ ದಿನಗಳೆಲ್ಲ ಮನೆಯಲ್ಲೇ. ವಾಂತಿ ಬರುವುದು, ಬಾಯಿ ಹುಣ್ಣಾಗುವುದು, ಜ್ವರ ಏರುವುದು, ಅರ್ಧ ರಾತ್ರಿಯಲ್ಲಿ ಎದ್ದು ಕೂತು ಅಳುವುದು, ಇವೆಲ್ಲ ಆ ದಿನಗಳಲ್ಲೇ. ಆಗ ಪಕ್ಕದಲ್ಲಿರುವುದು ನೀವು. ಅಂದರೆ ಚಿಕಿತ್ಸೆಯ ದೊಡ್ಡ ಪಾಲು ನಡೆಯುವುದು ನಿಮ್ಮ ಕೈಯಲ್ಲಿ. ಆದರೆ ಆ ಕೆಲಸವನ್ನು ನಿಮಗೆ ಯಾರೂ ಕೂರಿಸಿ ಕಲಿಸುವುದಿಲ್ಲ. ಡಿಸ್ಚಾರ್ಜ್ ಮಾಡುವಾಗ ಕೈಗೊಂದು ಫೈಲು ಕೊಟ್ಟು, ‘ಚೆನ್ನಾಗಿ ನೋಡ್ಕೊಳ್ಳಿ’ ಅನ್ನುತ್ತಾರೆ. ಚೆನ್ನಾಗಿ ಅಂದರೆ ಹೇಗೆ? ಇವತ್ತು ನಾನು ಹೇಳಲು ಬಂದಿರುವುದು ಅದನ್ನೇ. ಪ್ರೀತಿ ನಿಮ್ಮಲ್ಲಿ ಬೇಕಾದಷ್ಟಿದೆ. ಅದರ ಜೊತೆಗೆ ಒಂದಿಷ್ಟು ಕೆಲಸ ಕಲಿಯಬೇಕು. ಕಲಿತದ್ದನ್ನು ಮನೆಯ ಎಲ್ಲರೂ ಹಂಚಿಕೊಂಡು ಮಾಡಬೇಕು.

ಮೊದಲು ಜ್ವರದ ವಿಷಯ. ಇದೊಂದನ್ನು ನೆನಪಿಟ್ಟುಕೊಂಡು ಉಳಿದದ್ದನ್ನೆಲ್ಲ ಮರೆತರೂ ನನಗೆ ಬೇಸರವಿಲ್ಲ.

ಕೀಮೋ ಔಷಧಿ ಬೇಗ ಬೇಗ ಬೆಳೆಯುವ ಜೀವಕೋಶಗಳನ್ನು ಹೊಡೆಯುತ್ತದೆ. ಕ್ಯಾನ್ಸರ್ ಕೋಶ ಹಾಗೆ ಬೆಳೆಯುತ್ತದೆ. ಆದರೆ ಕೂದಲಿನ ಬೇರು, ಬಾಯಿಯ ಒಳಪದರ, ಮೂಳೆಯೊಳಗೆ ರಕ್ತ ತಯಾರಾಗುವ ಮಜ್ಜೆ, ಇವೂ ಹಾಗೆಯೇ ಬೆಳೆಯುವಂಥವು. ಅವಕ್ಕೂ ಪೆಟ್ಟು ಬೀಳುತ್ತದೆ. ಸೋಂಕಿನ ಜೊತೆ ಹೋರಾಡುವ ಬಿಳಿ ರಕ್ತಕಣಗಳು ಕೀಮೋ ಆದ ಸುಮಾರು 7ನೇ ದಿನದಿಂದ 14ನೇ ದಿನದ ತನಕ ತೀರಾ ಕಡಿಮೆಯಾಗುತ್ತವೆ. ಮನೆಯವರು ಮೋಸ ಹೋಗುವುದು ಇಲ್ಲೇ. ಮೊದಲ ನಾಲ್ಕೈದು ದಿನ ಸುಸ್ತು, ವಾಂತಿ ಎಲ್ಲ ಆಗಿ, ಆಮೇಲೆ ರೋಗಿ ಸ್ವಲ್ಪ ಚೇತರಿಸಿಕೊಳ್ಳುತ್ತಾರೆ. ಎದ್ದು ಓಡಾಡುತ್ತಾರೆ. ‘ಪರವಾಗಿಲ್ಲ, ಈ ಸಲದ್ದು ಮುಗೀತು’ ಅಂದುಕೊಳ್ಳುತ್ತೇವೆ. ನಿಜವಾದ ಅಪಾಯದ ವಾರ ಆಗ ಶುರುವಾಗಿರುತ್ತದೆ.

ಸಾಮಾನ್ಯ ಮನುಷ್ಯನಿಗೆ ಸೋಂಕಾದರೆ ಗಾಯ ಕೆಂಪಾಗುತ್ತದೆ, ಕೀವಾಗುತ್ತದೆ, ಕಫ ಕಟ್ಟುತ್ತದೆ. ಇವರಲ್ಲಿ ಕೀವು ಆಗಲಿಕ್ಕೂ ಬಿಳಿ ಕಣ ಇರುವುದಿಲ್ಲ. ಎಷ್ಟೋ ಸಲ ಜ್ವರವೊಂದೇ ಗುರುತು. ಥರ್ಮಾಮೀಟರಿನಲ್ಲಿ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಜಾಸ್ತಿ ಕಂಡರೆ ಆಸ್ಪತ್ರೆಗೆ ಹೊರಡಿ. ಬೆಳಗಾಗಲಿ ಅಂತ ಕಾಯಬೇಡಿ. ಒಂದು ಪ್ಯಾರಾಸಿಟಮಾಲ್ ಕೊಟ್ಟು ನೋಡೋಣ ಅಂತ ಕೂರಬೇಡಿ. ಮಾತ್ರೆ ಜ್ವರವನ್ನು ಇಳಿಸುತ್ತದೆ, ಸೋಂಕು ಒಳಗೆ ಏರುತ್ತಲೇ ಇರುತ್ತದೆ. ಕೆಲವರಿಗೆ ಜ್ವರವೇ ಬರುವುದಿಲ್ಲ, ಚಳಿ ಹಿಡಿದು ನಡುಗುತ್ತಾರೆ ಅಥವಾ ಮಾತು ತೊದಲುವಷ್ಟು ಸುಸ್ತಾಗುತ್ತಾರೆ. ಅದಕ್ಕೂ ಇದೇ ನಿಯಮ.

ಥರ್ಮಾಮೀಟರ್ ನೂರಿನ್ನೂರು ರೂಪಾಯಿಯ ವಸ್ತು. ನಾನು ಹೋಗುವ ಎಷ್ಟೋ ಮನೆಗಳಲ್ಲಿ ಸಾವಿರಾರು ರೂಪಾಯಿಯ ಪ್ರೋಟೀನ್ ಪುಡಿ ಇರುತ್ತದೆ, ಥರ್ಮಾಮೀಟರ್ ಇರುವುದಿಲ್ಲ. ಹಣೆ ಮುಟ್ಟಿ ನೋಡಿದರೆ ಗೊತ್ತಾಗುವುದಿಲ್ಲ.

ಒಂದು ಮನೆಯಲ್ಲಿ ಈ ಕೆಲಸವನ್ನು ಎಂಟನೇ ಕ್ಲಾಸಿನ ಹುಡುಗಿಗೆ ವಹಿಸಿದ್ದರು. ಅವಳ ಅಜ್ಜಿಗೆ ಕೀಮೋ ನಡೆಯುತ್ತಿತ್ತು. ಅಡುಗೆಮನೆ ಬಾಗಿಲ ಪಕ್ಕ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್ ಇರುತ್ತದಲ್ಲ, ಅದರಲ್ಲಿ ಅವಳು ಕೀಮೋ ಆದ ದಿನಕ್ಕೆ ಒಂದು ಚುಕ್ಕಿ ಇಟ್ಟು, 7ರಿಂದ 14ನೇ ದಿನದ ತನಕ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದಳು. ಬೆಳಿಗ್ಗೆ, ಸಂಜೆ ಎರಡು ಹೊತ್ತು ಅಜ್ಜಿಯ ಜ್ವರ ನೋಡಿ ಆ ದಿನದ ಚೌಕದಲ್ಲೇ ಬರೆಯುತ್ತಿದ್ದಳು. 98.2, 98.6, 98.4. ಒಂದು ರಾತ್ರಿ 101 ಬಂತು. ಮನೆಯ ಗಂಡಸರು ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗೋಣ ಅಂದರು. ಈ ಹುಡುಗಿ ಕ್ಯಾಲೆಂಡರನ್ನೇ ಕಿತ್ತುಕೊಂಡು ಬಂದು ಮುಂದೆ ಹಿಡಿದಳು. ಇವತ್ತು ಕೆಂಪು ಸುತ್ತಿನೊಳಗಿದೆ, ಈಗಲೇ ಹೋಗಬೇಕು ಅಂದಳು. ಪಕ್ಕದ ಮನೆಯ ಜೀಪಿನಲ್ಲಿ ಹೋದರು. ಬಿಳಿ ಕಣ ತೀರಾ ಕೆಳಗೆ ಇಳಿದಿತ್ತು. ಹೋದ ತಕ್ಷಣ ಆಂಟಿಬಯೋಟಿಕ್ ಹಾಕಿದರು, ಅಜ್ಜಿ ಒಂದು ವಾರದಲ್ಲಿ ಮನೆಗೆ ಬಂದರು. ನಾನು ಈಗ ಹೋದ ಕಡೆಯೆಲ್ಲ ಕ್ಯಾಲೆಂಡರ್ ಕೇಳಿ, ಕೆಂಪು ಸುತ್ತು ಹಾಕಿಸಿಯೇ ಹೊರಡುತ್ತೇನೆ.

ಆ ಕೆಂಪು ಸುತ್ತಿನ ದಿನಗಳಲ್ಲಿ ಮದುವೆ, ಜಾತ್ರೆ, ಸಂತೆ ಬೇಡ. ಕೊಟ್ಟಿಗೆ ಕೆಲಸ, ಸಗಣಿ ಬಾಚುವುದು, ತೋಟದ ಮಣ್ಣಿನ ಕೆಲಸ ಬೇಡ. ನೆಗಡಿ, ಜ್ವರ ಇರುವವರು ಹತ್ತಿರ ಬರಬಾರದು. ಎಲ್ಲರೂ ಸೋಪು ಹಾಕಿ ಕೈ ತೊಳೆಯಬೇಕು. ಗುದದ್ವಾರದ ಮೂಲಕ ಯಾವ ಔಷಧಿಯನ್ನೂ ಡಾಕ್ಟರನ್ನು ಕೇಳದೆ ಕೊಡಬಾರದು. ಬಾವಿ ನೀರು ಕುದಿಸಿಯೇ ಕುಡಿಯಲಿ. ಕೆಲವರಿಗೆ ಬಿಳಿ ಕಣ ಏರಿಸುವ ಇಂಜೆಕ್ಷನ್ ಬರೆದು ಕೊಡುತ್ತಾರೆ. ಅದು ಫ್ರಿಜ್ಜಿನಲ್ಲಿರಬೇಕು, 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಫ್ರೀಜರಿನಲ್ಲಿ ಇಡಬಾರದು, ಹೆಪ್ಪುಗಟ್ಟಿದರೆ ಕೆಟ್ಟಿತು. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಹೋದರೆ ಎರಡು ದಿನ ಬರುವುದಿಲ್ಲ, ಅಲ್ವಾ? ಹಾಗಿದ್ದಾಗ ಅದನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ಫ್ರಿಜ್ಜಿನಲ್ಲಿ ಇಡಲು ಆಗುತ್ತದಾ ಅಂತ ಅಲ್ಲಿನ ಸಿಸ್ಟರ್‌ನ್ನು ಮೊದಲೇ ಕೇಳಿಡಿ. ಇಂಜೆಕ್ಷನ್ ಹಾಕುವುದಕ್ಕೂ ಅವರೇ ಬೇಕಾಗುತ್ತಾರೆ.

ಇನ್ನು ಊಟ. ಇದರ ಬಗ್ಗೆ ಜಗಳವಾಗದ ಮನೆಯನ್ನು ನಾನು ನೋಡಿಲ್ಲ.

ಒಂದು ಕಡೆ ರೋಗಿಗೆ ಏನೂ ಸೇರುವುದಿಲ್ಲ. ಬಾಯೆಲ್ಲ ತುಕ್ಕು ಹಿಡಿದ ಹಾಗೆ ಅನ್ನುತ್ತಾರೆ. ಒಗ್ಗರಣೆ ವಾಸನೆ ಬಂದರೆ ಹೊಟ್ಟೆ ತೊಳೆಸುತ್ತದೆ. ಇನ್ನೊಂದು ಕಡೆ ಮನೆಯವರು ‘ತಿನ್ನು, ತಿನ್ನದೆ ಇದ್ದರೆ ಹೇಗೆ’ ಅಂತ ತಟ್ಟೆ ಹಿಡಿದು ನಿಂತಿರುತ್ತಾರೆ. ಮೂರನೇ ಕಡೆಯಿಂದ ಪಥ್ಯ ಹೇಳುವವರು ಬರುತ್ತಾರೆ. ಮೊಟ್ಟೆ ನಂಜು, ಮೀನು ನಂಜು, ಬದನೆ ನಂಜು, ಮೊಸರು ಶೀತ, ಬಾಳೆಹಣ್ಣು ಕಫ. ಆಪರೇಷನ್ ಆದವರಿಗೆ ಬರೀ ಗಂಜಿ, ಮೆಣಸಿನ ಸಾರು. ವಾಟ್ಸಾಪಿನಲ್ಲಿ ಇನ್ನೊಂದು ಸುತ್ತುತ್ತದೆ: ಸಕ್ಕರೆ ನಿಲ್ಲಿಸಿದರೆ ಗಡ್ಡೆ ಸಾಯುತ್ತದೆ ಅಂತ. ಇಷ್ಟೆಲ್ಲ ಬಿಟ್ಟ ಮೇಲೆ ತಿನ್ನಲಿಕ್ಕೆ ಉಳಿಯುವುದೇನು? ಗಡ್ಡೆಯನ್ನು ಉಪವಾಸ ಕೆಡವಿ ಸಾಯಿಸಲು ಆಗುವುದಿಲ್ಲ. ಸೊರಗುವುದು ರೋಗಿ. ತೂಕ ಇಳಿದರೆ, ರಕ್ತದ ಕಣ ಏರದಿದ್ದರೆ, ಮುಂದಿನ ಕೀಮೋ ಮುಂದಕ್ಕೆ ಹೋಗುತ್ತದೆ. ಚಿಕಿತ್ಸೆಗೆ ಅಡ್ಡಿಯಾಗುವುದು ಹೀಗೆ.

ಮೊಟ್ಟೆ ತಿನ್ನುವವರಿಗೆ ಚೆನ್ನಾಗಿ ಬೇಯಿಸಿದ ಮೊಟ್ಟೆ ಕೊಡಿ. ಮೀನು, ಕೋಳಿ ತಿನ್ನುವವರಿಗೆ ಅದನ್ನೂ ಕೊಡಿ. ತಿನ್ನದವರಿಗೆ ಬೇಳೆ, ಹೆಸರುಕಾಳು, ಹಾಲು, ಪನೀರು, ಶೇಂಗಾ. ಗಾಯ ಮಾಯಲು, ರಕ್ತ ಊರಲು ಪ್ರೋಟೀನ್ ಬೇಕು. ಮೂರು ಹೊತ್ತಿನ ದೊಡ್ಡ ಊಟ ಬಿಟ್ಟು, ಎರಡು ಗಂಟೆಗೊಮ್ಮೆ ನಾಲ್ಕು ತುತ್ತು ಕೊಡಿ. ಬಿಸಿ ಅಡುಗೆಗಿಂತ ಆರಿದ್ದಕ್ಕೆ ವಾಸನೆ ಕಡಿಮೆ. ರಾಗಿ ಗಂಜಿ, ಹೆಸರುಬೇಳೆ ಪಾಯಸ, ಮೆತ್ತಗೆ ಕಲಸಿದ ಮೊಸರನ್ನ, ಎರಡು ಇಡ್ಲಿ, ದೊಡ್ಡಪತ್ರೆಯನ್ನು ತುಪ್ಪದಲ್ಲಿ ಬಾಡಿಸಿ ಮಾಡಿದ ತಂಬುಳಿ. ಇಂಥವು ಎಷ್ಟೋ ಜನಕ್ಕೆ ಸೇರುತ್ತವೆ. ಸ್ಟೀಲ್ ಚಮಚದಲ್ಲಿ ಕಬ್ಬಿಣದ ರುಚಿ ಬರುತ್ತದೆ ಅಂದರೆ ಪ್ಲಾಸ್ಟಿಕ್ ಚಮಚ ಕೊಡಿ. ಒಗ್ಗರಣೆ ಹಾಕುವಾಗ ಅವರು ಜಗಲಿಯಲ್ಲಿ ಕೂತಿರಲಿ. ಎಲ್ಲ ಆಗ ತಾನೇ ಮಾಡಿದ್ದಿರಲಿ. ರಾತ್ರಿಯ ತಂಗಳು, ಹೊರಗೆ ಕತ್ತರಿಸಿಟ್ಟ ಹಣ್ಣು, ಹಸಿ ಕೋಸಂಬರಿ, ಅಂಗಡಿಯ ಜ್ಯೂಸು ಬೇಡ. ಸಿಪ್ಪೆ ಸುಲಿದು ತಿನ್ನುವ ಬಾಳೆಹಣ್ಣು, ಕಿತ್ತಳೆ ಪರವಾಗಿಲ್ಲ. ಸಕ್ಕರೆ ಕಾಯಿಲೆ ಇದ್ದವರಿಗೆ ಬೇರೆ ಲೆಕ್ಕ. ಕೀಮೋ ಜೊತೆ ಕೊಡುವ ಸ್ಟೆರಾಯ್ಡ್ ಮಾತ್ರೆಯಿಂದ ಸಕ್ಕರೆ ಏರುತ್ತದೆ, ಅದನ್ನು ಮನೆಯಲ್ಲೇ ನೋಡುತ್ತಿರಬೇಕು. ಕಿಡ್ನಿ ತೊಂದರೆ ಇದ್ದವರೂ ಡಾಕ್ಟರನ್ನು ಕೇಳಿಯೇ ಊಟ ಬದಲಿಸಬೇಕು.

ವಾಂತಿ ಮಾತ್ರೆಯನ್ನು ವಾಂತಿ ಶುರುವಾದ ಮೇಲೆ ಕೊಡುವವರೇ ಜಾಸ್ತಿ. ಅದನ್ನು ಬರೆದುಕೊಟ್ಟ ಹೊತ್ತಿಗೆ, ಬರೆದುಕೊಟ್ಟಷ್ಟು ದಿನ, ವಾಂತಿ ಬರುವ ಮೊದಲೇ ಕೊಡಬೇಕು. ಬಂದ ಮೇಲೆ ತಡೆಯುವುದು ಕಷ್ಟ. ಆ ಮಾತ್ರೆಯಿಂದ ಮಲಬದ್ಧತೆ ಆಗುತ್ತದೆ. ಮೂರು ದಿನ ಹೊಟ್ಟೆ ಹೋಗದಿದ್ದರೂ ಸಂಕೋಚಪಟ್ಟು ಹೇಳದವರಿದ್ದಾರೆ. ದಿನಾ ಕೇಳಿ. ಮಾವನಿಗೆ ಸೊಸೆ ಕೇಳಲು ಮುಜುಗರವಾದರೆ ಮಗ ಕೇಳಲಿ. ಭೇದಿ ಆದರೆ ಓಆರ್‌ಎಸ್ ಕೊಡುತ್ತ, ಎಷ್ಟು ಸಲ ಆಯಿತು ಅಂತ ಎಣಿಸಿ ಆಸ್ಪತ್ರೆಗೆ ಫೋನ್ ಮಾಡಿ.

ಬಾಯಿ ಹುಣ್ಣಿಗೆ ಸುಲಭದ ಉಪಾಯ ಒಂದಿದೆ. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡಾ ಹಾಕಿ. ಊಟ ಆದಾಗಲೆಲ್ಲ, ಮಲಗುವ ಮುಂಚೆ ಬಾಯಿ ಮುಕ್ಕಳಿಸಲಿ. ದಿನಾ ಹೊಸದಾಗಿ ಮಾಡಿ. ಉರಿಯುವ ಮೌತ್‌ವಾಶ್ ಬೇಡ. ಮೆತ್ತನೆಯ ಬ್ರಷ್ ಬಳಸಿ. ಹುಣ್ಣು ಶುರುವಾಗುವ ಮುಂಚೆಯೇ ಇದನ್ನು ಅಭ್ಯಾಸ ಮಾಡಿಸಿದರೆ ಒಳ್ಳೆಯದು.

ಬಾಯಿ, ಗಂಟಲಿನ ಕ್ಯಾನ್ಸರ್ ನಮ್ಮಲ್ಲಿ ಜಾಸ್ತಿ. ಅಡಿಕೆ ತೋಟಗಳ ನಡುವಿನ ಊರಲ್ಲಿ ನಿಂತು ಈ ಮಾತು ಹೇಳುವುದು ನನಗೂ ಕಷ್ಟ. ಆದರೆ ಹೇಳಬೇಕು. ತಂಬಾಕು ಸೇರಿಸದ ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪ್ರಕಟಿಸಿದೆ. ಚಿಕಿತ್ಸೆ ನಡೆಯುವಾಗ ಎಲೆಅಡಿಕೆ, ಗುಟ್ಕಾ, ಬೀಡಿ ಪೂರ್ತಿ ನಿಲ್ಲಬೇಕು. ರೋಗಿಯ ಮುಂದೆ ಕೂತು ಮನೆಯವರೂ ಕವಳ ಹಾಕಬೇಡಿ. ಅವರಿಗೆ ಬಿಡುವುದು ಎಷ್ಟು ಕಷ್ಟ ಅಂತ ನಿಮಗೆ ಗೊತ್ತು.

ಈ ರೋಗಿಗಳಲ್ಲಿ ಕೆಲವರು ಮೂಗಿನಲ್ಲಿ ನಳಿಗೆ ಹಾಕಿಸಿಕೊಂಡು ಮನೆಗೆ ಬರುತ್ತಾರೆ. ರೈಲ್ಸ್ ಟ್ಯೂಬ್ ಅನ್ನುತ್ತಾರೆ. ನೋಡಿದರೆ ಹೆದರಿಕೆಯಾಗುತ್ತದೆ, ಆದರೆ ಎರಡು ದಿನದಲ್ಲಿ ಯಾರು ಬೇಕಾದರೂ ಕಲಿಯಬಹುದು. ಮೂಗಿನ ಹತ್ತಿರ ನಳಿಗೆಯ ಮೇಲೆ ಗುರುತು ಇರುತ್ತದೆ. ಊಟ ಹಾಕುವ ಮುಂಚೆ ಪ್ರತಿ ಸಲ ಅದು ಇದ್ದಲ್ಲೇ ಇದೆಯಾ ನೋಡಿ. ಜಾರಿದ್ದರೆ ಏನೂ ಹಾಕಬೇಡಿ, ನೀವೇ ಒಳಗೆ ತಳ್ಳಬೇಡಿ, ಆಸ್ಪತ್ರೆಗೆ ಬನ್ನಿ. ರೋಗಿ ಕೂತಿರಬೇಕು ಅಥವಾ ತಲೆ ಕಡೆ ಎತ್ತರಿಸಿರಬೇಕು. ಮೊದಲು ಸ್ವಲ್ಪ ನೀರು, ಆಮೇಲೆ ನುಣ್ಣಗೆ ರುಬ್ಬಿ ಸೋಸಿದ ಊಟ, ಕೊನೆಗೆ ಮತ್ತೆ ನೀರು. ಸಿರಿಂಜಿನಿಂದ ಜೋರಾಗಿ ಒತ್ತಬೇಡಿ, ತಾನಾಗಿ ಇಳಿಯಲಿ. ಆದ ಮೇಲೆ ಅರ್ಧ ಗಂಟೆಯಾದರೂ ಮಲಗಿಸಬೇಡಿ. ಮಾತ್ರೆಗಳನ್ನು ಪುಡಿ ಮಾಡಿ ಹಾಕಬಹುದಾ ಅಂತ ಒಂದೊಂದರ ಬಗ್ಗೆಯೂ ಕೇಳಿ, ಕೆಲವನ್ನು ಪುಡಿ ಮಾಡಬಾರದು.

ಕೀಮೋ ಔಷಧಿಗಳು ಒಂದೇ ಥರ ಇರುವುದಿಲ್ಲ. ಡಾಕ್ಸೊರುಬಿಸಿನ್ ಕೊಟ್ಟರೆ ಒಂದೆರಡು ದಿನ ಮೂತ್ರ ಕೆಂಪಗಿರುತ್ತದೆ. ರಕ್ತ ಅಂತ ಗಾಬರಿಯಾಗಬೇಡಿ, ಔಷಧಿಯ ಬಣ್ಣ ಅದು. ಕರುಳಿನ ಕ್ಯಾನ್ಸರಿಗೆ ಕೊಡುವ ಆಕ್ಸಾಲಿಪ್ಲಾಟಿನ್ ಆದ ಮೇಲೆ ಕೆಲವು ದಿನ ತಣ್ಣೀರು ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ, ತಣ್ಣಗಿನದು ಕುಡಿದರೆ ಗಂಟಲು ಹಿಡಿದ ಹಾಗಾಗುತ್ತದೆ. ಪ್ಯಾಕ್ಲಿಟ್ಯಾಕ್ಸೆಲ್‌ನಿಂದ ಕೈಕಾಲು ಮರಗಟ್ಟುತ್ತದೆ. ನಮ್ಮ ಬಚ್ಚಲ ಹಂಡೆಯ ನೀರು ಎಷ್ಟು ಸುಡುತ್ತದೆ ಅಂತ ಅವರಿಗೆ ಗೊತ್ತಾಗುವುದಿಲ್ಲ. ನೀರನ್ನು ಬೇರೆಯವರು ಮುಟ್ಟಿ ನೋಡಿ ಬೆರೆಸಿಕೊಡಿ. ಅಂಗಳಕ್ಕೆ ಬರಿಗಾಲಿನಲ್ಲಿ ಇಳಿಯಲು ಬಿಡಬೇಡಿ. ಕೀಮೋ ಆದ 48 ಗಂಟೆ ಮಲ, ಮೂತ್ರ, ವಾಂತಿಯಲ್ಲಿ ಔಷಧಿಯ ಅಂಶ ಇರುತ್ತದೆ. ಆ ಎರಡು ದಿನ ಗ್ಲೌಸ್ ಹಾಕಿಕೊಂಡೇ ಅದನ್ನು ಒರೆಸಿ ಸ್ವಚ್ಛ ಮಾಡಿ, ಬಟ್ಟೆ ಬೇರೆ ಒಗೆಯಿರಿ, ಟಾಯ್ಲೆಟ್ಟಿಗೆ ಜಾಸ್ತಿ ನೀರು ಹಾಕಿ. ಬಸುರಿಯರು ಈ ಕೆಲಸ ಮಾಡುವುದು ಬೇಡ.

ರೇಡಿಯೇಷನ್ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಹೊರಗಿನ ಯಂತ್ರದಿಂದ ಕೊಡುವ ರೇಡಿಯೇಷನ್ ಮೈಯಲ್ಲಿ ಉಳಿಯುವುದಿಲ್ಲ. ಮೊಮ್ಮಕ್ಕಳು ತೊಡೆ ಮೇಲೆ ಕೂರಬಹುದು. ಚರ್ಮದ ಮೇಲೆ ಹಾಕಿದ ಗೆರೆಗಳನ್ನು ಅಳಿಸಬೇಡಿ. ಆ ಜಾಗಕ್ಕೆ ಅರಿಶಿನ, ಎಣ್ಣೆ, ಪೌಡರ್ ಹಚ್ಚಬೇಡಿ, ಉಜ್ಜಬೇಡಿ. ಸಡಿಲ ಹತ್ತಿ ಬಟ್ಟೆ ಇರಲಿ. ಸುಸ್ತು ವಾರ ಕಳೆದಂತೆ ಜಾಸ್ತಿಯಾಗುತ್ತದೆ, ಮುಗಿದ ಮೇಲೂ ಕೆಲವು ವಾರ ಇರುತ್ತದೆ. ಅದು ಸೋಮಾರಿತನ ಅಲ್ಲ.

ನೋವಿನ ವಿಷಯಕ್ಕೆ ಬರುತ್ತೇನೆ. ಇಲ್ಲಿ ನನಗೆ ತುಂಬಾ ಸಂಕಟವಾಗುತ್ತದೆ. ತಡೆಯಬಹುದಾದ ನೋವನ್ನು ತಿಂಗಳುಗಟ್ಟಲೆ ಹಲ್ಲು ಕಚ್ಚಿ ತಿನ್ನುವವರನ್ನು ನೋಡಿದ್ದೇನೆ. ಮಾರ್ಫಿನ್ ಅಂದರೆ ಮನೆಯವರು ಹೆದರುತ್ತಾರೆ. ಚಟ ಹಿಡಿಯುತ್ತದೆ ಅನ್ನುತ್ತಾರೆ, ಇಲ್ಲವೇ ಇನ್ನು ಮುಗಿಯಿತು ಅನ್ನುತ್ತಾರೆ. ಎರಡೂ ನಿಜವಲ್ಲ. ಕ್ಯಾನ್ಸರ್ ನೋವಿಗೆ ಮೆಟ್ಟಿಲು ಮೆಟ್ಟಿಲಾಗಿ ಔಷಧಿ ಕೊಡುವ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ಹೇಳಿದೆ. ಬಾಯಿಯಿಂದ ಕೊಡುವ ಮಾರ್ಫಿನ್ ಅದರಲ್ಲಿದೆ. ನಮ್ಮ ದೇಶದಲ್ಲಿ 1985ರ ಮಾದಕ ವಸ್ತು ಕಾಯ್ದೆಯಿಂದಾಗಿ ಅದು ಸಿಗುವುದೇ ಕಷ್ಟವಾಗಿತ್ತು. 2014ರಲ್ಲಿ ಕಾಯ್ದೆ ತಿದ್ದಿ ಆಸ್ಪತ್ರೆಗಳಿಗೆ ದಾರಿ ಸ್ವಲ್ಪ ಸುಲಭ ಮಾಡಿದ್ದಾರೆ. ಡಾಕ್ಟರ್ ಹೇಳಿದ ಅಳತೆಯಲ್ಲಿ, ಗಡಿಯಾರ ನೋಡಿಕೊಂಡು ಕೊಡಬೇಕು. ಸಾಮಾನ್ಯ ಮಾರ್ಫಿನ್ ಮಾತ್ರೆಯನ್ನು ನಾಲ್ಕು ಗಂಟೆಗೊಮ್ಮೆ ಕೊಡುತ್ತಾರೆ. ನೋವು ಬಂದ ಮೇಲೆ ಕೊಡೋಣ ಅಂತ ಕಾಯಬಾರದು. ಡಾಕ್ಟರನ್ನು ಕೇಳದೆ ನೀವಾಗಿಯೇ ನಿಲ್ಲಿಸಬಾರದು. ಜೊತೆಗೆ ಹೊಟ್ಟೆ ಸಡಿಲ ಮಾಡುವ ಔಷಧಿ ಇರಲೇಬೇಕು. ಮಾತ್ರೆ ಮಕ್ಕಳ ಕೈಗೆ ಸಿಗದ ಹಾಗೆ ಬೀಗ ಹಾಕಿಡಿ. ಎಬ್ಬಿಸಿದರೂ ಏಳದಷ್ಟು ಮಂಪರು ಇದ್ದರೆ, ಉಸಿರು ತೀರಾ ನಿಧಾನವಾದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಪ್ಯಾಲಿಯೇಟಿವ್ ಕೇರ್ ಅಂದರೆ ಕೊನೆಗಾಲದ ಆರೈಕೆ ಮಾತ್ರ ಅಂತ ತಿಳಿದವರಿದ್ದಾರೆ. ಚಿಕಿತ್ಸೆ ನಡೆಯುತ್ತಿರುವಾಗಲೇ ನೋವು, ವಾಂತಿ, ಉಸಿರಾಟದ ತೊಂದರೆ ನೋಡುವವರೂ ಪ್ಯಾಲಿಯೇಟಿವ್ ಕೇರ್‌ನವರೇ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಆ ವಿಭಾಗವಿದೆ. ಗುಣವಾಗದ ಹಂತ ತಲುಪಿದವರನ್ನು ಬೆಂಗಳೂರಿನ ಕರುಣಾಶ್ರಯ ಹಣ ಪಡೆಯದೆ ನೋಡಿಕೊಳ್ಳುತ್ತದೆ. ಕೇಳುವುದಕ್ಕೆ ಹಿಂಜರಿಯಬೇಡಿ.

ಈಗ ಸ್ವಲ್ಪ ಕಟುವಾದ ಮಾತು. ಇಲ್ಲಿ ಕೂತಿರುವ ಗಂಡಸರು ದಯವಿಟ್ಟು ಕೇಳಿಸಿಕೊಳ್ಳಿ.

ಮನೆಯ ಯಜಮಾನನಿಗೆ ಕ್ಯಾನ್ಸರ್ ಆದರೆ ಹೆಂಡತಿ, ಸೊಸೆ, ಮಗಳು, ಎಲ್ಲರೂ ಸುತ್ತ ನಿಲ್ಲುತ್ತಾರೆ. ಯಜಮಾನಿಗೆ ಆದರೆ? ಕೀಮೋ ಆದ ಮೂರನೇ ದಿನ ಒಲೆ ಮುಂದೆ ಕೂತು ಎಲ್ಲರಿಗೂ ರೊಟ್ಟಿ ತಟ್ಟುತ್ತಿದ್ದ ಹೆಂಗಸನ್ನು ನೋಡಿದ್ದೇನೆ. ಎರಡು ರೊಟ್ಟಿ ತಟ್ಟಿ, ಎದ್ದು ಹಿತ್ತಿಲಿಗೆ ಹೋಗಿ ವಾಂತಿ ಮಾಡಿ, ಮುಖ ತೊಳೆದು ಬಂದು ಮತ್ತೆ ಕೂತರು. ಮನೆಯಲ್ಲಿ ಗಟ್ಟಿಮುಟ್ಟಾದ ಗಂಡಸರು ಮೂವರಿದ್ದರು. ಕೆಟ್ಟವರಲ್ಲ ಅವರು. ಸಾಲ ಮಾಡಿ ಚಿಕಿತ್ಸೆ ಕೊಡಿಸುತ್ತಿದ್ದರು, ಪ್ರತಿ ಸಲ ಆಸ್ಪತ್ರೆಗೆ ಜೊತೆಗೆ ಬರುತ್ತಿದ್ದರು. ಅಡುಗೆ ತಮ್ಮ ಕೆಲಸ ಅಂತ ಅವರಿಗೆ ಹೊಳೆದೇ ಇರಲಿಲ್ಲ, ಅಷ್ಟೇ. ಆಕೆಯೂ ಕೇಳಿರಲಿಲ್ಲ. ಸ್ತನದ ಆಪರೇಷನ್‌ನಲ್ಲಿ ಕಂಕುಳಿನ ಗಂಟು ತೆಗೆದಿದ್ದರೆ ಆ ಕೈಯಲ್ಲಿ ಭಾರದ ಕೊಡ ಎತ್ತಬಾರದು, ಸುಟ್ಟಗಾಯ, ಕತ್ತಿಗಾಯ ಆಗದಂತೆ ನೋಡಬೇಕು, ಇಲ್ಲದಿದ್ದರೆ ಕೈ ಊದಿಕೊಳ್ಳಬಹುದು. ಆ ಕೈಗೆ ಹೇಳಿಕೊಟ್ಟ ವ್ಯಾಯಾಮ ಮಾಡಬೇಕು. ನೀರು ಸೇದುವುದು ವ್ಯಾಯಾಮ ಅಲ್ಲ.

ಆ ಮನೆಯಲ್ಲಿ ನಾನು ಒಂದು ಹಾಳೆ ತೆಗೆದು ಕೆಲಸಗಳನ್ನೆಲ್ಲ ಬರೆಸಿದೆ. ಬೆಳಗಿನ ತಿಂಡಿ ಯಾರು, ಬಟ್ಟೆ ಯಾರು, ಮಾತ್ರೆ ಯಾರು, ಜ್ವರ ನೋಡುವವರು ಯಾರು, ರಾತ್ರಿ ಪಕ್ಕ ಮಲಗುವವರು ಯಾರು, ಆಸ್ಪತ್ರೆಗೆ ಹೋಗುವವರು ಯಾರು. ಹೆಸರು ಬರೆದ ಮೇಲೆ ಕೆಲಸ ಆಗುತ್ತದೆ. ‘ಎಲ್ಲರೂ ನೋಡ್ಕೋತೀವಿ’ ಅಂದರೆ ಕೊನೆಗೆ ಒಬ್ಬರೇ ನೋಡಿಕೊಳ್ಳುತ್ತಾರೆ. ಆ ಒಬ್ಬರು ತಿಂಗಳೊಳಗೆ ಬಿದ್ದುಹೋಗುತ್ತಾರೆ. ತಮ್ಮ ಬಿಪಿ ಮಾತ್ರೆ ಮರೆತಿರುತ್ತಾರೆ, ನಿದ್ದೆ ಬಿಟ್ಟಿರುತ್ತಾರೆ. ವಾರಕ್ಕೆ ಒಂದು ರಾತ್ರಿಯಾದರೂ ಅವರು ಬೇರೆ ಕೋಣೆಯಲ್ಲಿ ಮಲಗಿ ನಿದ್ದೆ ಮಾಡಬೇಕು. ದೂರದಲ್ಲಿರುವ ಮಕ್ಕಳು, ಬೆಂಗಳೂರಲ್ಲೋ ಹೊರದೇಶದಲ್ಲೋ ಇರುವವರು, ದುಡ್ಡು ಕಳಿಸಿ ದಿನಾ ಫೋನಿನಲ್ಲಿ ಸಲಹೆ ಕೊಡುತ್ತಾರೆ. ಸಲಹೆಗಿಂತ ಒಂದು ವಾರ ರಜೆ ಹಾಕಿ ಬಂದು ರಾತ್ರಿ ಪಾಳಿ ವಹಿಸಿಕೊಂಡರೆ ಹೆಚ್ಚು ಉಪಕಾರ.

ನೋಡಲು ಬರುವವರ ಬಗ್ಗೆಯೂ ಹೇಳಬೇಕು. ಬ್ರೆಡ್ಡು, ಕಿತ್ತಳೆ ಹಿಡಿದು ಬರುತ್ತಾರೆ. ಕೂತ ಐದು ನಿಮಿಷಕ್ಕೆ, ‘ನಮ್ಮ ದೊಡ್ಡಪ್ಪನ ಮಗನಿಗೂ ಇದೇ ಆಗಿತ್ತು, ಆರು ತಿಂಗಳೂ ಉಳಿಯಲಿಲ್ಲ’ ಅನ್ನುತ್ತಾರೆ. ನೋಯಿಸಬೇಕು ಅಂತ ಅನ್ನುವುದಿಲ್ಲ. ಆದರೆ ಆ ಮಾತು ರಾತ್ರಿಯೆಲ್ಲ ರೋಗಿಯ ತಲೆಯಲ್ಲಿ ಸುತ್ತುತ್ತದೆ. ಬಾಗಿಲಲ್ಲೇ ಒಬ್ಬರು ನಿಂತು, ಇವತ್ತು ಮಲಗಿದ್ದಾರೆ, ಇನ್ನೊಂದು ದಿನ ಬನ್ನಿ ಅಂತ ಹೇಳಬೇಕು. ಯಾರಾದರೂ ಸಹಾಯ ಮಾಡಬೇಕಾ ಅಂತ ಕೇಳಿದರೆ ‘ಏನೂ ಬೇಡ’ ಅನ್ನಬೇಡಿ. ಗುರುವಾರ ಮಗುವನ್ನು ಸ್ಕೂಲಿಂದ ಕರೆತನ್ನಿ, ಸಂಜೆ ಹಾಲು ಕರೆದುಕೊಡಿ ಅಂತ ಕೆಲಸ ಹೇಳಿ. ನಮ್ಮ ಊರುಗಳಲ್ಲಿ ಜನ ಖಂಡಿತ ಮಾಡುತ್ತಾರೆ.

ಕೂದಲು ಮೊದಲ ಕೀಮೋ ಆಗಿ ಎರಡು ಮೂರು ವಾರಕ್ಕೆ ಉದುರುತ್ತದೆ. ಎಲ್ಲ ಔಷಧಿಗೂ ಅಲ್ಲ, ಕೆಲವಕ್ಕೆ. ಚಿಕಿತ್ಸೆ ಮುಗಿದ ಮೇಲೆ ಮತ್ತೆ ಬರುತ್ತದೆ. ‘ಜೀವ ಮುಖ್ಯ, ಕೂದಲು ಏನು ಮಹಾ’ ಅಂತ ಸುಲಭವಾಗಿ ಹೇಳಬೇಡಿ. ಬೋಳು ತಲೆಯ ಹೆಂಗಸು ಅಂದರೆ ನಮ್ಮ ಹಿರಿಯರ ಮನಸ್ಸಿನಲ್ಲಿ ಏನು ಚಿತ್ರ ಬರುತ್ತದೆ ಅಂತ ನಿಮಗೆ ಗೊತ್ತು. ದಿನಾ ಹೂ ಮುಡಿಯುತ್ತಿದ್ದವರು ಕನ್ನಡಿ ಮುಂದೆ ನಿಲ್ಲುವುದನ್ನೇ ಬಿಡುತ್ತಾರೆ. ಉದುರುವ ಮೊದಲೇ ಚಿಕ್ಕದಾಗಿ ಕತ್ತರಿಸಿದರೆ, ದಿಂಬಿನ ಮೇಲೆ ಮುಷ್ಟಿ ಮುಷ್ಟಿ ಕೂದಲು ನೋಡುವ ಸಂಕಟ ಸ್ವಲ್ಪ ಕಡಿಮೆ. ಮೆತ್ತನೆಯ ಹತ್ತಿ ಸ್ಕಾರ್ಫ್ ತಂದಿಡಿ. ಕುಂಕುಮ, ಬಳೆ, ಇಷ್ಟದ ಸೀರೆ, ಅವರಿಗೆ ಬೇಕಾದದ್ದೆಲ್ಲ ಇರಲಿ.

ಖರ್ಚಿನ ಬಗ್ಗೆ ಎರಡು ಮಾತು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಚಿಕಿತ್ಸೆ ಸಿಗುತ್ತದೆ. ಮೊದಲ ಭೇಟಿಗೇ ರೇಷನ್ ಕಾರ್ಡ್, ಆಧಾರ್ ತೆಗೆದುಕೊಂಡು ಹೋಗಿ. ಚಿಕಿತ್ಸೆಗೆ ಹೋಗಿಬರುವ ಕ್ಯಾನ್ಸರ್ ರೋಗಿಗೆ, ಜೊತೆಗೆ ಹೋಗುವ ಒಬ್ಬರಿಗೆ ರೈಲು ಟಿಕೆಟ್ಟಿನಲ್ಲಿ ರಿಯಾಯಿತಿ ಇದೆ. ಆಸ್ಪತ್ರೆಯಿಂದ ಅದರ ಫಾರಂ ಕೇಳಿ ಪಡೆಯಿರಿ. ಕಿದ್ವಾಯಿ ಆವರಣದಲ್ಲಿ ಉಳಿಯಲು ಧರ್ಮಶಾಲೆ ಇದೆ. ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ ಕೇರ್ ಕ್ಯಾನ್ಸರ್ ಕೇಂದ್ರ ತೆರೆಯುವುದಾಗಿ ಕೇಂದ್ರ ಸರ್ಕಾರ 2025ರ ಬಜೆಟ್ಟಿನಲ್ಲಿ ಹೇಳಿದೆ. ನಿಮ್ಮ ಜಿಲ್ಲೆಯಲ್ಲಿ ಬಂದಿದೆಯಾ ಅಂತ ವಿಚಾರಿಸುತ್ತಿರಿ. ರಾತ್ರಿ ಬಸ್ಸಿನಲ್ಲಿ ವಾಂತಿ ಮಾಡಿಕೊಂಡು ಬರುವುದು ತಪ್ಪಿದರೆ ಅದೇ ದೊಡ್ಡ ಆರೈಕೆ.

ಸಭೆಯಲ್ಲಿ ಬಂದ ಪ್ರಶ್ನೆಗಳು

ಅಪ್ಪನಿಗೆ ಕ್ಯಾನ್ಸರ್ ಅಂತ ಹೇಳಿಲ್ಲ. ಹೇಳಿದರೆ ಕುಸಿದುಹೋಗುತ್ತಾರೆ. ಏನು ಮಾಡಲಿ?

ಪ್ರತಿ ಸಭೆಯಲ್ಲೂ ಈ ಪ್ರಶ್ನೆ ಬರುತ್ತದೆ. ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಆದರೆ ಯೋಚಿಸಿ. ಕ್ಯಾನ್ಸರ್ ಆಸ್ಪತ್ರೆ ಅಂತ ಬೋರ್ಡ್ ಇರುವ ಕಟ್ಟಡಕ್ಕೆ ಹೋಗಿಬರುವವರಿಗೆ, ಕೂದಲು ಉದುರಿದವರಿಗೆ, ಗೊತ್ತಿರುವುದಿಲ್ಲವಾ? ಬಹಳ ಸಲ ಅವರಿಗೆ ಗೊತ್ತಿರುತ್ತದೆ, ನಿಮಗೆ ನೋವಾಗಬಾರದು ಅಂತ ಅವರೂ ಸುಮ್ನೆ ಇರುತ್ತಾರೆ. ಒಂದೇ ಮನೆಯಲ್ಲಿ ಇಬ್ಬರೂ ಒಂಟಿಯಾಗಿ ಹೆದರುತ್ತಿರುತ್ತಾರೆ. ಎಲ್ಲವನ್ನೂ ಒಟ್ಟಿಗೆ ಹೇಳಬೇಕಾಗಿಲ್ಲ. ‘ಅಪ್ಪಾ, ಕಾಯಿಲೆ ಬಗ್ಗೆ ಏನಾದರೂ ಕೇಳಬೇಕು ಅನಿಸುತ್ತಾ?’ ಅಂತ ಕೇಳಿ. ಕೇಳಿದ್ದಕ್ಕೆ ನಿಜ ಹೇಳಿ, ಕೇಳದ್ದನ್ನು ತುರುಕಬೇಡಿ. ಬೇಕಿದ್ದರೆ ಡಾಕ್ಟರನ್ನೇ ಮಾತಾಡಿಸಲು ಹೇಳಿ, ನೀವು ಪಕ್ಕದಲ್ಲಿರಿ. ಜಮೀನು, ಬ್ಯಾಂಕು, ಮಗಳ ಮದುವೆ ಅಂತ ಅವರು ತೀರ್ಮಾನ ಮಾಡಬೇಕಾದದ್ದು ಇರುತ್ತದೆ. ಅದಕ್ಕೆ ಅವರಿಗೆ ಅವಕಾಶ ಬೇಕು.

ಕೀಮೋ ಜೊತೆಗೆ ನಾಟಿ ಔಷಧಿಯನ್ನೂ ಕೊಡಬಹುದಾ?

ಕೊಡಬೇಡಿ ಅಂತ ನನ್ನ ಸಲಹೆ. ಗಿಡಮೂಲಿಕೆಯನ್ನು ನಾನು ಕೀಳಾಗಿ ನೋಡುವುದಿಲ್ಲ. ಕೆಲವು ಕೀಮೋ ಔಷಧಿಗಳೇ ಗಿಡದಿಂದ ಬಂದವು. ನಿತ್ಯಪುಷ್ಪ ಅಂತ ನಿಮ್ಮ ಅಂಗಳದಲ್ಲಿ ಇರುತ್ತದಲ್ಲ, ವಿನ್‌ಕ್ರಿಸ್ಟಿನ್ ಅದರಿಂದಲೇ ಸಿಕ್ಕಿದ್ದು. ಗಿಡದಲ್ಲಿ ಅಷ್ಟು ಶಕ್ತಿ ಇದೆ ಅಂದ ಮೇಲೆ, ಎರಡು ಶಕ್ತಿಯ ಔಷಧಿ ಒಟ್ಟಿಗೆ ಹೋದಾಗ ಲಿವರ್, ಕಿಡ್ನಿಗೆ ಏನಾಗಬಹುದು ಅಂತಲೂ ಯೋಚಿಸಬೇಕು. ಈಗಾಗಲೇ ಕೊಡುತ್ತಿದ್ದರೆ ಡಾಕ್ಟರಿಗೆ ಮುಚ್ಚಿಡಬೇಡಿ. ಬೈಸಿಕೊಂಡರೂ ಪರವಾಗಿಲ್ಲ, ಹೇಳಿ. ಕೀಮೋವನ್ನು ಅರ್ಧಕ್ಕೆ ಬಿಟ್ಟು ಮಾತ್ರ ಹೋಗಬೇಡಿ.

ಅತ್ತೆಯ ತಟ್ಟೆ, ಲೋಟ ಬೇರೆ ಇಟ್ಟಿದ್ದೇವೆ. ಮಕ್ಕಳನ್ನು ಹತ್ತಿರ ಬಿಡುವುದಿಲ್ಲ. ಸರಿ ತಾನೇ?

ಕ್ಯಾನ್ಸರ್ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಪಾತ್ರೆ ಚೆನ್ನಾಗಿ ತೊಳೆದರೆ ಸಾಕು. ನೆಗಡಿ ಇರುವ ಮಗು ದೂರವಿರಲಿ, ಅದು ಅತ್ತೆಯ ರಕ್ಷಣೆಗೆ. ಆರೋಗ್ಯವಾಗಿರುವ ಮಗು ಕೈ ತೊಳೆದು ಹೋಗಿ ಪಕ್ಕದಲ್ಲಿ ಕೂರಲಿ. ಇವತ್ತೇ ಮನೆಗೆ ಹೋಗಿ ತಟ್ಟೆ ಒಂದು ಮಾಡಿ.

ನನ್ನ ಗಂಡ ಮಾತೇ ಆಡುವುದಿಲ್ಲ, ಗೋಡೆ ನೋಡಿಕೊಂಡು ಮಲಗಿರುತ್ತಾರೆ. ಕೇಳಿದರೆ ರೇಗುತ್ತಾರೆ.

ಸಿಟ್ಟು ನಿಮ್ಮ ಮೇಲೆ ಅಲ್ಲ ಅಂತ ನಾನು ಹೇಳಬಹುದು, ಆದರೆ ಅದನ್ನು ದಿನಾ ಅನುಭವಿಸುವವರು ನೀವು. ಎರಡು ವಾರಕ್ಕಿಂತ ಜಾಸ್ತಿ ಹೀಗಿದ್ದರೆ, ಊಟ, ನಿದ್ದೆ, ಮಾತು ಎಲ್ಲ ಬಿಟ್ಟಿದ್ದರೆ, ಅದು ಖಿನ್ನತೆ ಇರಬಹುದು. ಅದಕ್ಕೂ ಚಿಕಿತ್ಸೆ ಇದೆ. ಕೀಮೋ ಡಾಕ್ಟರಿಗೇ ಹೇಳಿ. ಟೆಲಿ ಮನಸ್ ಅಂತ ಸರ್ಕಾರದ ಉಚಿತ ಸಹಾಯವಾಣಿ ಇದೆ, 14416. ಕನ್ನಡದಲ್ಲಿ ಮಾತಾಡುತ್ತಾರೆ, ಯಾವ ಹೊತ್ತಿಗೂ ಮಾಡಬಹುದು. ಸಾಯಬೇಕು ಅನ್ನುವ ಮಾತು ಬಂದರೆ ಒಂಟಿಯಾಗಿ ಬಿಡಬೇಡಿ. ನಿಮಗೆ ತಡೆಯಲಾಗದಿದ್ದರೆ ನಿಮಗೋಸ್ಕರವೂ ಅದೇ ನಂಬರಿಗೆ ಮಾಡಿ.

ಜ್ವರ ಬಂದರೆ ರಾತ್ರಿಯೇ ಹೋಗಿ ಅಂದಿರಿ. ನಮ್ಮ ಊರಿಂದ ಕ್ಯಾನ್ಸರ್ ಆಸ್ಪತ್ರೆ ಆರು ಗಂಟೆ ದಾರಿ. ಏನು ಮಾಡೋದು?

ಇದು ಸರಿಯಾದ ಪ್ರಶ್ನೆ. ಆರು ಗಂಟೆ ಕಾಯುವ ಹಾಗಿಲ್ಲ. ಮೊದಲು ಹತ್ತಿರದ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಹೋಗಿ, 108ಕ್ಕೆ ಕರೆ ಮಾಡಿ. ಅಲ್ಲಿನ ಡಾಕ್ಟರಿಗೆ ಮೊದಲ ಮಾತೇ ‘ಇವರಿಗೆ ಕೀಮೋ ನಡೆಯುತ್ತಿದೆ, ಇಂತಿಷ್ಟನೇ ದಿನ, ಜ್ವರ ಇಷ್ಟಿದೆ’ ಅಂತ ಹೇಳಿ. ಕ್ಯೂನಲ್ಲಿ ಕೂರಬೇಡಿ, ಜ್ವರದ ಸಾಮಾನ್ಯ ರೋಗಿ ಅಂದುಕೊಂಡು ಮಾತ್ರೆ ಕೊಟ್ಟು ಕಳಿಸಿಬಿಡಬಹುದು. ರಕ್ತ ಪರೀಕ್ಷೆ ಮಾಡಿ, ಆಂಟಿಬಯೋಟಿಕ್ ಡ್ರಿಪ್ ಅಲ್ಲೇ ಶುರು ಮಾಡಿ, ಆಮೇಲೆ ದೊಡ್ಡ ಆಸ್ಪತ್ರೆಗೆ ಕಳಿಸಬಹುದು.

ಇದಕ್ಕೆ ಮುಂಚೆಯೇ ತಯಾರಿ ಬೇಕು. ಮುಂದಿನ ಕೀಮೋಗೆ ಹೋದಾಗ ನಿಮ್ಮ ಡಾಕ್ಟರ ಹತ್ತಿರ ಅರ್ಧ ಪುಟದ ಚೀಟಿ ಬರೆಸಿಕೊಳ್ಳಿ. ಯಾವ ಕ್ಯಾನ್ಸರ್, ಯಾವ ಔಷಧಿ, ಯಾವ ತಾರೀಖು, ಯಾವುದಕ್ಕೆ ಅಲರ್ಜಿ, ಜ್ವರ ಬಂದರೆ ಮೊದಲು ಯಾವ ಆಂಟಿಬಯೋಟಿಕ್ ಕೊಡಬೇಕು, ರಾತ್ರಿ ಯಾವ ನಂಬರಿಗೆ ಫೋನ್ ಮಾಡಬೇಕು. ಅದರ ಫೋಟೋ ಮನೆಯ ಎಲ್ಲರ ಮೊಬೈಲಿನಲ್ಲಿರಲಿ. ಊರಿನಲ್ಲಿ ಕಾರು, ಜೀಪು ಇರುವ ಇಬ್ಬರಿಗೆ ಮೊದಲೇ ಹೇಳಿಡಿ, ಒಬ್ಬರು ಊರಲ್ಲಿಲ್ಲದಿದ್ದರೆ ಇನ್ನೊಬ್ಬರು. ಆಶಾ ಅಕ್ಕಂದಿರೇ, ನಿಮ್ಮ ಊರಲ್ಲಿ ಕೀಮೋ ತೆಗೆದುಕೊಳ್ಳುತ್ತಿರುವವರ ಮನೆಗೆ ಈ ವಾರವೇ ಹೋಗಿ, ಈ ಚೀಟಿ ಇದೆಯಾ ನೋಡಿ. ಇಲ್ಲದಿದ್ದರೆ, ಫೈಲು ತೆಗೆಸಿ ಔಷಧಿಯ ಹೆಸರು, ತಾರೀಖು ಇಷ್ಟನ್ನಾದರೂ ನೀವೇ ಒಂದು ಹಾಳೆಯಲ್ಲಿ ಬರೆದು ಕೊಡಿ. ಉಳಿದದ್ದನ್ನು ಡಾಕ್ಟರ್ ಮುಂದಿನ ಭೇಟಿಗೆ ತುಂಬುತ್ತಾರೆ.